ಗಾಳಿ ತುಂಬಿದ ಪೈಪುಗಳು

ಹೈದರಾಬಾದ್ ಇನ್ನೂ ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿಯಾಗಿದ್ದ ಕಾಲ. ಊರ ಹೊರಗಿನ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ನಾನು ಮೇಂಟೆನೆನ್ಸ್ ಎಂಜಿನಿಯರ್ ಆಗಿದ್ದೆ. ಐಸ್‌ಕ್ರೀಮು, ಮೀನು ಇಡುವ ಕೋಣೆಯಲ್ಲಿ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಅದಕ್ಕೇ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪುಗಳಲ್ಲಿ ಗಾಳಿಯನ್ನು ಒತ್ತಿ ತುಂಬಿರುತ್ತಿದ್ದೆವು. ಬಿಸಿಗೆ ಸ್ಪ್ರಿಂಕ್ಲರ್ ತೆರೆದರೆ ಗಾಳಿ ಹೊರಹೋಗಿ, ಹೊರಗಿನ ವಾಲ್ವ್ ತಾನಾಗಿ ತೆರೆದು ನೀರು ನುಗ್ಗಬೇಕು.

ಒಂದು ಬೇಸಿಗೆಯಲ್ಲಿ ಗಾಳಿ ತುಂಬುವ ಕಂಪ್ರೆಸರ್ ಪದೇ ಪದೇ ಶುರುವಾಗತೊಡಗಿತು. ಎಲ್ಲೋ ಸೋರುತ್ತಿತ್ತು. ಗಾಳಿ ಪೂರ್ತಿ ಇಳಿದರೆ ಬೆಂಕಿಯಿಲ್ಲದೆಯೇ ನೀರು ನುಗ್ಗಿ ಸರಕು ಹಾಳಾಗುತ್ತದೆಂದು ಮ್ಯಾನೇಜರಿಗೆ ಹೆದರಿಕೆ. ಅವರೂ ನನ್ನಂತೆ ರಾಯಚೂರಿನ ಕಡೆಯವರು. ಎಲ್ಲರೊಂದಿಗೆ ತೆಲುಗು, ನನ್ನೊಂದಿಗೆ ಮಾತ್ರ ಕನ್ನಡ.

"ಸದ್ಯಕ್ಕ ನೀರಿನ ಲೈನ್ ಬಂದ್ ಮಾಡಿಬಿಡ್ರಿ ಮೇಡಂ. ಸೀಸನ್ ಮುಗೀಲಿ, ಆಮ್ಯಾಲ ನೋಡೋಣು."

"ನಾ ಬಂದ್ ಮಾಡೂದಿಲ್ರಿ ಸರ್. ಒಳಗ ಮಂದಿ ಕೆಲಸ ಮಾಡಾಕತ್ತಾರ."

ಅವರು ಮುಖ ಗಂಟಿಕ್ಕಿಕೊಂಡು ಹೋದರು. ಆ ಕೋಣೆಯ ಗೋಡೆಗಳೊಳಗೆ ಇದ್ದದ್ದು ಥರ್ಮಕೋಲ್. ಹತ್ತಿಕೊಂಡರೆ ಓಡಲೂ ಸಮಯ ಸಿಗದು. ನಾನು ಹಟ ಬಿಡಲಿಲ್ಲ. ಆ ಚಳಿಯಲ್ಲಿ ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುವ ಮೊದಲೇ ಗಟ್ಟಿಯಾಗುತ್ತಿತ್ತು. ಸೋರುವ ಜಾಗವನ್ನು ಕಿವಿಯಿಂದಲೇ ಹುಡುಕಬೇಕಿತ್ತು. ಊಟದ ಹೊತ್ತಿಗೆ ಒಳಗಿನ ದೊಡ್ಡ ಫ್ಯಾನುಗಳನ್ನು ನಿಲ್ಲಿಸಿ ಕೊಡಿ ಎಂದು ಮ್ಯಾನೇಜರನ್ನು ದಿನವೂ ಕೇಳಿದೆ. ಕೊನೆಗೆ ಒಪ್ಪಿದರು. ತಾವೂ ಜಾಕೆಟ್ ಹಾಕಿಕೊಂಡು ಒಳಗೆ ಬಂದರು.

ನಾನು ಏಣಿ ಹತ್ತಿ ಒಂದೊಂದೇ ಜಾಯಿಂಟಿಗೆ ಕಿವಿಗೊಡುತ್ತಾ ಹೋದೆ. ಬೆರಳು ಮರಗಟ್ಟಿದ್ದವು. ಆಚೆ ಮೂಲೆಯಿಂದ ಅವರು ಮೆಲ್ಲಗೆ ಕರೆದರು.

"ಇಲ್ಲಿ ಬರ್ರಿ. ಸುಸ್ಸ್ ಅನ್ನಾಕತ್ತೈತಿ."

ಅಲ್ಲಿ ಪೈಪು ತಿರುಗುವ ಕಡೆಯ ಎಲ್ಬೋ ಸೀಳಿಹೋಗಿತ್ತು. ನೀರಿನ ಲೈನ್ ಮುಚ್ಚಿ, ಗಾಳಿ ಇಳಿಸಿ, ಫಿಟ್ಟರ್ ಅದನ್ನು ಬಿಚ್ಚಿದ. ಪಕ್ಕದ ಪೈಪಿನ ಬಾಯಿ ತುಂಬ ಬಿಳಿ ಮಂಜುಗಡ್ಡೆ. ಹಿಂದಿನ ಸಲ ನೀರು ಹರಿಸಿ ಪರೀಕ್ಷೆ ಮಾಡಿದ ಹೊರಗಿನ ಕಂಪನಿಯವರು ಆ ನೀರನ್ನು ಪೂರ್ತಿ ಇಳಿಸಿರಲಿಲ್ಲ. ಆ ಸಾಲಿನ ಕೆಳಗೆ ಬೆಂಕಿ ಹತ್ತಿದ್ದರೆ ಒಂದು ಹನಿಯೂ ಬೀಳುತ್ತಿರಲಿಲ್ಲ.

ಈ ಸಲ ಮ್ಯಾನೇಜರ್ ಅಲ್ಲಿನ ಸರಕನ್ನು ಬೇರೆ ಕೋಣೆಗೆ ಸಾಗಿಸಲು ತಾವೇ ಹೇಳಿದರು. ಪೈಪನ್ನು ಅಂಗಳದ ಬಿಸಿಲಿಗೆ ಹಾಕಿ ಗಡ್ಡೆ ಕರಗಿಸಿದೆವು. ಪೈಪು ಜೋತುಬಿದ್ದ ಜಾಗ ಎತ್ತಿ, ನೀರು ಇಳಿಯುವಂತೆ ಇಳಿಜಾರು ಕೊಟ್ಟು, ಹೊಸ ಎಲ್ಬೋ ಕೂಡಿಸಿ ಮತ್ತೆ ಗಾಳಿ ತುಂಬಿದೆವು. ಸಂಜೆಯವರೆಗೂ ಗಾಳಿಯ ಒತ್ತಡ ತೋರುವ ಮೀಟರಿನ ಮುಳ್ಳು ಅಲುಗಲಿಲ್ಲ.

ಮುಂದಿನ ಪರೀಕ್ಷೆ ಮುಗಿದಾಗ ಪೈಪುಗಳ ತಗ್ಗಿನಲ್ಲಿ ನೀರು ಇಳಿಸುವ ಡ್ರೇನುಗಳನ್ನು ನಾನೇ ಒಂದೊಂದಾಗಿ ತೆರೆದೆ. ಬಕೆಟ್ ಹಿಡಿದು ನಿಂತವರು ಮ್ಯಾನೇಜರ್.