ಗಾಜಿನ ತೊಟ್ಟಿಗೆ ಬೋರಕ್ಕನ ಬಟಾಣಿ

ಬೆಳಗಿನ ಆರು ಗಂಟೆ. ಚಿತ್ರದುರ್ಗದ ಬಸ್ ನಿಲ್ದಾಣದಿಂದ ಎರಡು ರಸ್ತೆ ಆಚೆಗಿರುವ ಬಣ್ಣದ ಮೀನುಗಳ ಅಂಗಡಿಯ ಷಟರ್ ಅರ್ಧಕ್ಕೆ ಮಾತ್ರ ಎದ್ದಿದೆ. ಒಳಗೆ ಮಣೆಯ ಮೇಲೆ ಕುಳಿತ ಬೋರಕ್ಕ ಬೆಂದ ಬಟಾಣಿಯನ್ನು ಒಂದೊಂದಾಗಿ ಎರಡು ಬೆರಳ ನಡುವೆ ಅದುಮುತ್ತಿದ್ದಾರೆ. ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ಕಾಳು ತಟ್ಟೆಗೆ ಜಾರುತ್ತದೆ. ಪಕ್ಕದ ಸ್ಟೀಲ್ ಡಬ್ಬಿಯಲ್ಲಿ ಬಿಸಿನೀರಲ್ಲಿ ಬಾಡಿಸಿದ ಪಾಲಕ್, ದುಂಡಗೆ ಹೆಚ್ಚಿದ ಸೌತೆಕಾಯಿ, ಬೇಯಿಸಿದ ಮೊಟ್ಟೆಯ ಹಳದಿ. ಎಲ್ಲವೂ ಮನೆಯ ಅಡುಗೆಕೋಣೆಯಲ್ಲಿ ಆದದ್ದೇ.

"ಉಪ್ಪಿಲ್ಲ, ಖಾರ ಇಲ್ಲ, ಎಣ್ಣೆ ಮೊದ್ಲೇ ಇಲ್ಲ. ನಮ್ ಮನೆಯವ್ರು ಡಬ್ಬಿ ತೆಗ್ದು ನೋಡಿ, ಇದೇನೇ ಆಸ್ಪತ್ರೆ ಊಟ ಅಂತಾರೆ. ನಿಮಗಲ್ಲ ಮಾರಾಯ್ರೇ, ಮುಚ್ರಿ ಅಂತೀನಿ" ಎಂದು ನಗುತ್ತಾರೆ.

ಅಂಗಡಿಯಲ್ಲಿ ಮೂವತ್ತಾರು ತೊಟ್ಟಿಗಳಿವೆ, ಹತ್ತಿರ ಹತ್ತಿರ ಒಂಬೈನೂರು ಮೀನು. ಬಟಾಣಿ ಗೋಲ್ಡ್ ಫಿಶ್‌ಗೆ, ಪಾಲಕ್ ಮೋಲಿ ಎಂಬ ಪುಟ್ಟ ಮೀನುಗಳಿಗೆ. ತಳದಲ್ಲಿ ಗಾಜು ನೆಕ್ಕುತ್ತ ಬಿದ್ದಿರುವ ಕಪ್ಪು ಸಕ್ಕರ್ ಮೀನಿಗೆ ಸೌತೆಕಾಯಿ, ಅದೂ ತೇಲದ ಹಾಗೆ ಕಲ್ಲಿಗೆ ದಾರ ಸುತ್ತಿ. ರೆಪ್ಪೆಗೂದಲಿನಷ್ಟಿರುವ ಮರಿಗಳಿಗೆ ಸೂಜಿಮೊನೆಯಷ್ಟು ಹಳದಿ. ಅರ್ಧ ಗಂಟೆ ಕಳೆದ ಮೇಲೆ ಪುಟ್ಟ ಬಲೆ ಹಿಡಿದು ಉಳಿದ ಚೂರನ್ನೆಲ್ಲ ಎತ್ತುತ್ತಾರೆ. ಬಿಟ್ಟರೆ ನೀರು ಕೆಡುತ್ತದೆ. ಸೋಮವಾರ ಎಲ್ಲಕ್ಕೂ ಉಪವಾಸ. "ನಾನೂ ಸೋಮವಾರ ಒಪ್ಪತ್ತು. ನಾವೆಲ್ಲ ಒಂದೇ ಮನೆ ಮಂದಿ."

ಬೋರಕ್ಕನಿಗೆ ಈಗ ಐವತ್ತೆರಡು. ಹುಟ್ಟಿದ್ದು ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ, ಶೇಂಗಾ ಹೊಲದ ನಡುವೆ. ಮೀನನ್ನು ಹತ್ತಿರದಿಂದ ನೋಡಿದ್ದು ಭರಮಸಾಗರಕ್ಕೆ ಸೊಸೆಯಾಗಿ ಬಂದಮೇಲೆ. ಕೆರೆಯ ಮೆಟ್ಟಿಲಲ್ಲಿ ಪಾತ್ರೆ ತಿಕ್ಕುವಾಗ ಮೀನುಗಳು ಕಾಲಬಳಿ ಗುಂಪುಗೂಡುತ್ತಿದ್ದವು. ಸೊಪ್ಪಿನ ಚೂರು ಬಿದ್ದರೆ ಎಳೆದಾಡುತ್ತಿದ್ದವು, ಹುಳಿ ಖಾರ ಬೆರೆತಿದ್ದರೆ ಬಾಯಿಗೆ ತೆಗೆದುಕೊಂಡು ಉಗುಳುತ್ತಿದ್ದವು. ಗಂಡ ಮಾರಪ್ಪನಿಗೆ ದುರ್ಗದಲ್ಲಿ ಹಮಾಲಿ ಕೆಲಸ ಸಿಕ್ಕಿ ಸಂಸಾರ ಇಲ್ಲಿಗೆ ಬಂತು. ಶಿವಕುಮಾರಪ್ಪನವರ ಈ ಅಂಗಡಿಯಲ್ಲಿ ಗಾಜು ಒರೆಸುವ ಕೆಲಸಕ್ಕೆ ಬೋರಕ್ಕ ಸೇರಿ ಹನ್ನೊಂದು ವರ್ಷವಾಯಿತು.

ಕೊರೊನಾ ಲಾಕ್‌ಡೌನ್‌ನಲ್ಲಿ ಮೀನಿನ ಆಹಾರದ ಪ್ಯಾಕೆಟ್ ಬರುವುದು ನಿಂತುಹೋಯಿತು. ಹನ್ನೆರಡನೇ ದಿನಕ್ಕೆ ಡಬ್ಬಗಳ ತಳ ಕಂಡಿತು. ಮಾಲೀಕರು ಕೈಚೆಲ್ಲಿ ಕುಳಿತಾಗ ಬೋರಕ್ಕನಿಗೆ ಕೆರೆಯ ಮೆಟ್ಟಿಲು ನೆನಪಾಯಿತು. ಮರುದಿನ ಬೆಳಿಗ್ಗೆ ಒಂದು ಹಿಡಿ ಬಟಾಣಿ, ನಾಲ್ಕು ಎಲೆ ಪಾಲಕ್ ಬೇಯಿಸಿ ತಂದರು. ಲಾಕ್‌ಡೌನ್ ಮುಗಿದು ಅಂಗಡಿ ತೆರೆಯುವ ಹೊತ್ತಿಗೆ ಸತ್ತದ್ದು ಏಳೋ ಎಂಟೋ ಮೀನು ಮಾತ್ರ. ಅಂದಿನಿಂದ ಊಟ ಹಾಕುವ ಕೆಲಸ ಬೋರಕ್ಕನದೇ ಆಯಿತು. ಹೊಸದುರ್ಗ, ಹೊಳಲ್ಕೆರೆಯಿಂದ ಬಂದವರೂ "ನಮ್ ಮೀನು ಯಾಕೋ ತಿಂತಿಲ್ಲ, ಬೋರಕ್ಕನ್ನ ಕರೀರಿ" ಎನ್ನುತ್ತಿದ್ದರು.

ಕಳೆದ ವರ್ಷ ಸುಚಿತ್ರಾ ಬಂದಳು. ಮಾಲೀಕರ ತಮ್ಮನ ಮಗಳು, ಮೀನುಗಾರಿಕೆಯನ್ನೇ ಓದಿದವಳು. ಮನೆಯ ತಿಂಡಿ ಹಾಕಿದರೆ ನೀರು ಕೆಡುತ್ತದೆಂದು ಮೊದಲ ವಾರವೇ ಡಬ್ಬಿ ಬೇಡವೆಂದಳು. ಪ್ಯಾಕೆಟ್‌ನಲ್ಲಿ ಬರುವ ಒಣ ಆಹಾರದ ಕಾಳು ಮಾತ್ರ ಸಾಕು ಎಂದಳು. ತೊಟ್ಟಿಯ ಮುಂದೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿದಳು. ಅದನ್ನು ನೋಡಿದವರು ಬಾಗಿಲಲ್ಲೇ "ಮೇಡಂ ಇದಾರಾ?" ಎಂದು ಕೇಳತೊಡಗಿದರು. ಬೋರಕ್ಕನ ಕೈಗೆ ಮತ್ತೆ ಒರೆಸುವ ಬಟ್ಟೆ ಬಂತು.

"ಜನ ಅವಳ ಹಿಂದೆ ಹೋದ್ರು, ಹೋಗ್ಲಿ ಅಂದ್ಕಂಡೆ. ಆದ್ರೆ ಮೀನು! ಅವಳು ಬೆರಳು ಇಟ್ಟ ಕಡೆ ಹಿಂಡು ಹಿಂಡೇ ಹೋಗೋವು. ನಾನು ಸಾಕಿದ ಮೀನು ಕಣ್ರಿ. ಹೊಟ್ಟೇಲಿ ಕೆಂಡ ಇಟ್ಟಂಗಾಗೋದು. ಅವಳ ಜಡೆ, ಅವಳ ಇಂಗ್ಲಿಷು, ಅವಳು ನಗೋದು, ಯಾವ್ದೂ ಕಣ್ಣಿಗೆ ಆಗ್ತಿರ್ಲಿಲ್ಲ."

ಈ ಮಾತನ್ನು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮುಂದಿನದನ್ನು ಹೇಳುವಾಗ ಮಾತ್ರ ದನಿ ತಗ್ಗುತ್ತದೆ.

ವಿಡಿಯೊಗೆಂದು ದಿನಕ್ಕೆ ಐದಾರು ಸಲ ಒಣಕಾಳು ಹಾಕಿದ್ದರಿಂದ ದೊಡ್ಡ ತೊಟ್ಟಿಯ ಮೂರು ಗೋಲ್ಡ್ ಫಿಶ್‌ಗಳ ಹೊಟ್ಟೆ ಉಬ್ಬಿತು. ಅವು ಮಗುಚಿಕೊಂಡು ತೇಲತೊಡಗಿದವು. ಸುಚಿತ್ರಾ ನೀರು ಬದಲಿಸಿದಳು, ಔಷಧ ಹಾಕಿದಳು, ಯಾರಿಗೋ ಫೋನ್ ಮಾಡಿದಳು. ಕಾಳು ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬೋರಕ್ಕನಿಗೆ ನೋಡಿದ ಕೂಡಲೇ ಮದ್ದು ತಿಳಿದಿತ್ತು. ಒಂದು ದಿನ ಖಾಲಿ ಹೊಟ್ಟೆ, ಆಮೇಲೆ ಸಿಪ್ಪೆ ತೆಗೆದ ಬಟಾಣಿ. ಲಾಕ್‌ಡೌನಿನಲ್ಲಿ ಹಾಗೇ ನಾಲ್ಕು ಮೀನು ಉಳಿಸಿದ್ದರು.

"ಬಾಯಿ ಬಿಡಲಿಲ್ಲ. ಓದಿರೋಳು ಏನ್ ಮಾಡ್ತಾಳೆ ನೋಡಾಣ ಅಂತ ಎರಡು ದಿನ ಗಾಜು ಒರೆಸ್ಕಂಡು ಸುಮ್ಕಿದ್ದೆ."

ಮೂರನೆಯ ದಿನ ಬೆಳಿಗ್ಗೆ ಒಂದು ಮೀನು ಸತ್ತಿತ್ತು. ಅದು ಬೋರಕ್ಕ ಮರಿಯಿಂದ ಸಾಕಿದ್ದು. ಬಲೆಯಲ್ಲಿ ಎತ್ತಿ ತಿರುಗಿದರೆ ತೊಟ್ಟಿಗಳ ಸಾಲಿನ ಹಿಂದೆ ಸುಚಿತ್ರಾ ನೆಲದ ಮೇಲೆ ಕುಳಿತು ಅಳುತ್ತಿದ್ದಳು. ಬೋರಕ್ಕ ಅವಳ ಕೈಯಿಂದ ಕಾಳಿನ ಡಬ್ಬ ಕಿತ್ತುಕೊಂಡರು. "ಇವತ್ತು ಯಾವ್ದಕ್ಕೂ ಏನೂ ಹಾಕ್ಬ್ಯಾಡ" ಎಂದರು. ಮರುದಿನ ಬಟಾಣಿ ಬಂತು. ಎರಡು ದಿನದಲ್ಲಿ ಉಳಿದೆರಡು ಮೀನು ನೆಟ್ಟಗಾದವು.

"ಅಕ್ಕ, ಇದು ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಸುಚಿತ್ರಾ ಕೇಳಿದಳು.

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು ಕಣವ್ವ."

ಸುಚಿತ್ರಾ ಎಂಟು ದಿನ ಬೋರಕ್ಕನ ಜೊತೆ ಮಾತಾಡಲಿಲ್ಲ. ಅವಳು ಮಾಲೀಕರಿಗೆ ಹೇಳಿದರೆ ತನ್ನ ಕೆಲಸ ಹೋಯಿತೆಂದೇ ಬೋರಕ್ಕ ತಿಳಿದಿದ್ದರು. ಅವಳು ಹೇಳಲಿಲ್ಲ. ಒಂಬತ್ತನೇ ದಿನ ನೋಟ್‌ಬುಕ್ ಹಿಡಿದು ಮಣೆಯ ಪಕ್ಕ ಬಂದು ಕುಳಿತಳು. "ನಾನೂ ತಪ್ಪು ಮಾಡ್ದೆ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಯಾವ ಮೀನಿಗೆ ಏನು, ಎಷ್ಟು, ಬರೆಸ್ರಿ" ಎಂದಳು. ಬೋರಕ್ಕ ಹೇಳಿದರು, ಅವಳು ಬರೆದುಕೊಂಡಳು. ಸಂಜೆಯ ಊಟದಲ್ಲಿ ಪ್ಯಾಕೆಟ್ ಕಾಳಿಗೂ ಜಾಗ ಇರಲಿ, ಅದರಲ್ಲಿರುವ ಸತ್ವ ಸೊಪ್ಪಿನಲ್ಲಿಲ್ಲ ಎಂದು ಅವಳು ವಾದಿಸಿದಳು. ಬೋರಕ್ಕ ಗೊಣಗಿ ಒಪ್ಪಿಕೊಂಡರು. ಈಗ ಬೆಳಗಿನ ಊಟ ಇವರದು, ಸಂಜೆಯದು ಅವಳದು. ಮೀನಿನ ಬಣ್ಣ ಮೊದಲಿಗಿಂತ ಮಿಂಚುತ್ತಿದೆ ಎಂದು ಗಿರಾಕಿಗಳು ಹೇಳುತ್ತಾರೆ.

ಹಾಗಾದರೆ ಹೊಟ್ಟೆಕಿಚ್ಚು ಹೋಯಿತೆ? ಬೋರಕ್ಕ ತಟ್ಟೆಯಿಂದ ತಲೆ ಎತ್ತದೆ ಉತ್ತರಿಸುತ್ತಾರೆ.

"ಎಲ್ಲಿ ಹೋಗ್ತೈತೆ? ಮೊನ್ನೆ ಹಿರಿಯೂರಿಂದ ಬಂದೋರು ಅವಳ ಜೊತೆ ಫೋಟೊ ತೆಗೆಸ್ಕಂಡ್ರು. ನನ್ನ ಕೈಗೆ ಮೊಬೈಲ್ ಕೊಟ್ಟು, ನೀವೇ ತೆಗೀರಿ ಅಕ್ಕ ಅಂದ್ರು. ಉರೀತು. ತೆಗೆದೆ. ಆದ್ರೆ ಈಗ ಮೀನಿನ ಮೈಯಾಗೆ ಒಂಚೂರು ವ್ಯತ್ಯಾಸ ಕಂಡ್ರೂ ಮೊದ್ಲು ಕೂಗೋದು ಅವಳನ್ನೇ."

ಷಟರ್ ಪೂರ್ತಿ ಮೇಲೇರುತ್ತದೆ. ಸುಚಿತ್ರಾ ಒಳಬಂದು, ಚಪ್ಪಲಿ ಬಿಡುತ್ತಲೇ ಮೊಬೈಲನ್ನು ತೊಟ್ಟಿಗೆ ಎದುರಾಗಿ ನಿಲ್ಲಿಸುತ್ತಾಳೆ. ಬೋರಕ್ಕ ಸೀರೆಯ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಾರೆ, ಒಂದು ಚಿಟಿಕೆ ಬಟಾಣಿ ಹಿಡಿದು ಮೇಲೇಳುತ್ತಾರೆ.

"ಒಂದೇ ಆಸೆ ಐತೆ, ಅವಳಿಗೂ ಹೇಳೀನಿ. ವಿಡಿಯೊದಾಗೆ ನನ್ನ ಮುಖ ಬ್ಯಾಡ. ಕೈಯಾದ್ರೂ ತೋರಿಸ್ಲಿ. ಕೆಲ್ಸ ಮಾಡಿದ್ದು ಕೈ ತಾನೆ?"