ಫ್ಯಾನಿನ ಮುಂದೆ ನಿಂತ ಮೋಟರ್ ಸೈಕಲ್

ಬಿಸಿಲಿನ ಎದುರು ಸಕಲ ಜೀವಿಗಳೂ ಸಮಾನರು. ಅರಸನಿಗೂ ಆಳಿಗೂ ಅದು ಒಂದೇ ತೂಕದ ಬೆವರನ್ನು ಹಂಚುತ್ತದೆ. ವಿಲಾಯಿತಿಯ ಹೇಸ್‌ನ ಡಾಕ್ಟರ್ ಗಲಗಲಿಯವರ ಮನೆಯಲ್ಲಿ ಮಾತ್ರ ಈ ನಿಯಮ ನಡೆಯುತ್ತಿರಲಿಲ್ಲ. ಅಲ್ಲಿದ್ದ ಒಂದೇ ಒಂದು ಟೇಬಲ್ ಫ್ಯಾನಿನ ವೈರು, ಟಪಾಲು ತೂರಿಸುವ ಬಾಗಿಲ ಕಿಂಡಿಯಿಂದ ಹೊರಬಂದು, ಮನೆಯ ಮುಂದೆ ನಿಂತ ಹಳೆಯ ಮೋಟರ್ ಸೈಕಲ್ಲಿನ ಸೇವೆಗೆ ಮೀಸಲಾಗಿತ್ತು. ಒಳಗೆ ಅವರ ಹೆಂಡತಿ, ನಮ್ಮೆಲ್ಲರ ಪಾಲಿಗೆ ವೈನಿ, ಕೌನ್ಸಿಲ್‌ನವರು ಕಳಿಸಿದ ಕಸ ಒಯ್ಯುವ ದಿನಗಳ ಪಟ್ಟಿಯಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಿರುತ್ತಿದ್ದರು.

"ಮುದುಕಿ ಕುದ್ದು ಹೋಗ್ಲಿ, ಗಾಡಿ ತಣ್ಣಗಿರ್ಲಿ," ಎಂದು ಅವರು ಒಳಗಿನಿಂದ ಕೂಗುವರು.

"ನಿನಗ ಕಿಟಕಿ ಅವ. ಅದಕ್ಕೇನದ?" ಎಂದು ಡಾಕ್ಟರು ಹೊರಗಿನಿಂದ.

ಧಾರವಾಡದ ಗಲಗಲಿಯವರು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ನಲವತ್ತು ವರ್ಷ ಅರಿವಳಿಕೆ ಕೊಟ್ಟು ನಿವೃತ್ತರಾದವರು. ಅವರ ಗಾಡಿಗೆ ರೇಡಿಯೇಟರ್ ಇಲ್ಲ, ನೀರಿಲ್ಲ, ಗಾಳಿಯೊಂದೇ ಗತಿ. ಓಡುತ್ತಿದ್ದರೆ ಎಂಜಿನ್ನಿನ ಪಕ್ಕೆಲುಬಿನಂಥ ರೆಕ್ಕೆಗಳಿಗೆ ಗಾಳಿ ಬಡಿದು ತಣ್ಣಗಿರುತ್ತದೆ, ಟ್ರಾಫಿಕ್ಕಿನಲ್ಲಿ ನಿಂತರೆ ಕಾಯುತ್ತದೆ. ಇಷ್ಟು ನನಗೆ ಅರ್ಥವಾಗಿತ್ತು. ಮುಂದಿನದು ಇವತ್ತಿಗೂ ಆಗಿಲ್ಲ.

"ನಿಂತಲ್ಲೇ ಎಂಜಿನ್ ಓಡಿಸಬ್ಯಾಡ್ರಿ," ಎನ್ನುವರು, ಶನಿವಾರಗಳಂದು ನನಗೆ ಗಾಡಿ ಓಡಿಸಲು ಕೊಟ್ಟು ಹಿಂದೆ ಕೂತು. ಸರಿ ಎಂದು ಮುಂದಿನ ಸಿಗ್ನಲ್ಲಿನಲ್ಲಿ ಆಫ್ ಮಾಡಿದರೆ ಹಿಂದಿನ ಸೀಟಿನಿಂದ, "ಸಿಗ್ನಲ್‌ಗೊಮ್ಮೆ ಬಂದ್ ಮಾಡಬ್ಯಾಡ್ರಿ!"

"ಮತ್ತೆ ಯಾವಾಗ ಮಾಡ್ಲಿ ಡಾಕ್ಟ್ರೇ?"

"ಅದು ಹೇಳ್ತದ."

"ಯಾರು?"

"ಎಂಜಿನ್ ರೀ! ದನಿ ಒಡೀತದ, ನ್ಯೂಟ್ರಲ್ ಸಿಗಂಗಿಲ್ಲ. ಎಲ್ಲಾಕ್ಕಿಂತ ಮೊದಲು ಕಾದ ಎಣ್ಣಿ ವಾಸನಿ ಬರ್ತದ. ಮಂದಿನ್ನ ಮಲಗಿಸಿ ಎಬ್ಬಿಸಿದಂವ ನಾ. ಬಂದ್ ಮಾಡೋದು ದೊಡ್ಡ ಕೆಲಸ ಅಲ್ಲ. ಯಾವಾಗ ಅನ್ನೋದು ದೊಡ್ಡದು."

ಕ್ಯಾನರಿ ವಾರ್ಫ್‌ನ ಆಫೀಸಿನಲ್ಲಿ ಕೂತು ಸಾಫ್ಟ್‌ವೇರ್ ಬರೆಯುವ ನನಗೆ 'ಯಾವಾಗ' ಎಂಬುದು ಅಂಕಿಯಲ್ಲಿ ಬೇಕು. ದೂರದಿಂದಲೇ ಬಿಸಿ ಅಳೆಯುವ ಪಿಸ್ತೂಲಿನಂಥ ಥರ್ಮಾಮೀಟರ್ ತರಿಸಿ ಎಂಜಿನ್ನಿನತ್ತ ಗುರಿಯಿಟ್ಟೆ. ನೂರಾ ಎಂಬತ್ತು ಎಂದಿತು.

"ಅಂದ್ರ ಹೆಚ್ಚೋ ಕಡಿಮಿಯೋ?"

"ಗೊತ್ತಿಲ್ಲ ಡಾಕ್ಟ್ರೇ."

"ಅದಕ್ಕೂ ಗೊತ್ತಿಲ್ಲ," ಎಂದು ಅವರು ಕೈಯ ಹಿಂಬದಿ ತಿರುವಿ, ಮಗುವಿನ ಜ್ವರ ನೋಡುವಂತೆ, ರೆಕ್ಕೆಗಳಿಗೆ ಒಂದಂಗುಲ ದೂರ ಹಿಡಿದರು. ಏನು ತಿಳಿಯಿತೋ, ಫ್ಯಾನನ್ನು ಸ್ವಲ್ಪ ಎಡಕ್ಕೆ ಸರಿಸಿದರು.

ಈ ಬೇಸಿಗೆ ಅವರು ಸ್ಕಾಟ್ಲೆಂಡಿನ ಮಗಳ ಮನೆಗೆ ಹೋಗಿ ನೆಲೆಸುವುದೆಂದಾಯಿತು. ನಾಲ್ಕನೇ ಮಹಡಿಯ ಫ್ಲ್ಯಾಟು. ಲಿಫ್ಟ್ ಇದೆ, ಮೋಟರ್ ಸೈಕಲ್ ಹಿಡಿಯುವಂಥದ್ದಲ್ಲ. ನನ್ನ ಬಳಿ ಲೈಸೆನ್ಸ್ ಇತ್ತು, ಗಾಡಿ ಇರಲಿಲ್ಲ. ಎರಡು ವರ್ಷದ ಶನಿವಾರಗಳನ್ನು ಆ ಗಾಡಿಯ ಪಕ್ಕದಲ್ಲೇ ಕಳೆದ ನನಗೆ ಅದು ಇನ್ನೊಬ್ಬರ ಕೈ ಸೇರುವುದನ್ನು ಊಹಿಸಲೂ ಆಗುತ್ತಿರಲಿಲ್ಲ. ಕೇಳಿಯೇಬಿಟ್ಟೆ.

"ಕಾಯಿಸಿ ಕೊಲ್ಲೋರಿಗೆ ನಾ ಕೊಡಂಗಿಲ್ಲ. ಮೊದಲು ಪರೀಕ್ಷಾ," ಎಂದರು.

ಪರೀಕ್ಷಾ ಕೇಂದ್ರ ವೆಂಬ್ಲಿಯ ಈಲಿಂಗ್ ರೋಡ್. ಶನಿವಾರ ಮಧ್ಯಾಹ್ನ, ಉರಿ ಬಿಸಿಲು. ಮಾವಿನ ಪೆಟ್ಟಿಗೆ ಕೊಳ್ಳಲು ಬಂದವರು ಕಾರುಗಳನ್ನು ಎರಡೆರಡು ಸಾಲು ನಿಲ್ಲಿಸಿ ರಸ್ತೆಯನ್ನು ಹೊಲಿದುಬಿಟ್ಟಿದ್ದರು. ನಾನು ಮುಂದೆ, ಪರೀಕ್ಷಕರು ಹಿಂದೆ. ಹಿಂದಿನಿಂದ ಒಂದು ಮಾತಿಲ್ಲ. ತೊಡೆ ಸುಡತೊಡಗಿತು. ದನಿ ಒಡೆಯಿತೇ? ಸುತ್ತಲಿನ ಹಾರನ್ನುಗಳಲ್ಲಿ ಯಾರ ದನಿ ಯಾವುದೋ. ಆಗ ಬಂತು, ಕಾದ ಎಣ್ಣೆಯ ವಾಸನೆ. ಪರಮ ಗಾಂಭೀರ್ಯದಿಂದ ಎಂಜಿನ್ ಬಂದ್ ಮಾಡಿದೆ. ಮರುಕ್ಷಣವೇ ಎಡಕ್ಕೆ ನೋಡಿದರೆ ದೊಡ್ಡ ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ತೇಲುತ್ತಿದೆ.

ಇಬ್ಬರೂ ಇಳಿದು ಗಾಡಿಯನ್ನು ಮಾವಿನ ಅಂಗಡಿಯ ನೆರಳಿಗೆ ತಳ್ಳಿದೆವು. ಡಾಕ್ಟರು ಮಗುಚಿದ ಪೆಟ್ಟಿಗೆಯೊಂದರ ಮೇಲೆ ಕೂತು ಎಂಜಿನ್ನಿನ ಬಳಿ ಕೈಯ ಹಿಂಬದಿ ಹಿಡಿದರು.

"ಅದು ಬಜಿ ವಾಸನಿ."

"ಹೌದು ಡಾಕ್ಟ್ರೇ."

ಆಮೇಲೆ ಕೈ ಹಿಂದೆಳೆದುಕೊಂಡು, "ಗಾಡಿನೂ ಕಾದದ, ಅದೂ ಖರೇನ," ಎಂದರು.

"ಹಾಗಾದ್ರೆ ಪಾಸಾ, ಫೇಲಾ?"

"ಹೋಗ್ರಿ, ನಾಕು ಬಜಿ ತಗೊಂಡು ಬರ್ರಿ."

ಮುಂದಿನ ಶನಿವಾರ ಅವರನ್ನು ಬೀಳ್ಕೊಡಲು ಹೋದೆ. ವೈನಿ ಕಾರಿನ ಮುಂದಿನ ಸೀಟಿನಲ್ಲಿ, ಫ್ಯಾನನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಗಲೇ ಕೂತಿದ್ದರು. ಡಾಕ್ಟರು ತಣ್ಣಗಿದ್ದ ಎಂಜಿನ್ನಿನ ಮೇಲೆ ಈ ಸಲ ಅಂಗೈಯನ್ನೇ ಊರಿ ಸ್ವಲ್ಪ ಹೊತ್ತು ನಿಂತರು.

"ಅಲ್ಲೆ ಬ್ಯಾಸಗಿನ ಇಲ್ಲಂತ್ರೀ. ಕಲ್ತದ್ದೆಲ್ಲಾ ನೀರಾಗ ಹೋತು," ಎಂದರು.

"ರಿಸಲ್ಟ್ ಹೇಳ್ಲಿಲ್ಲ ಡಾಕ್ಟ್ರೇ."

ಗಾಡಿಯ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿ, "ನಿಮ್ಮ ಟಪಾಲ ಡಬ್ಬಿ ಎಂದಾರ ತಗದು ನೋಡ್ತೀರೇನ್ರಿ?" ಎಂದು ಕೇಳಿ ಕಾರು ಹತ್ತಿದರು.

ನೋಡುತ್ತಿರಲಿಲ್ಲ. ಮರುದಿನ ನಮ್ಮ ಫ್ಲ್ಯಾಟಿನ ಕೆಳಗಿನ ಡಬ್ಬಿ ತೆರೆದೆ. ಪಿಟ್ಸಾ ಅಂಗಡಿಯ ಕರಪತ್ರಗಳ ನಡುವೆ ವಾಹನ ಇಲಾಖೆಯ ಲಕೋಟೆಯಿತ್ತು. ಗಾಡಿ ನನ್ನ ಹೆಸರಿಗೆ ಆಗಿ ಹದಿನೆಂಟು ದಿನವಾಗಿತ್ತು. ಪರೀಕ್ಷೆ ನಡೆದು ಎಂಟು ದಿನ.