ಪೆಟ್ಟಿಗೆಗೆ ಟಿಕೆಟ್, ನನಗೆ ಪುಕ್ಕಟೆ

ಬೆಳಿಗ್ಗೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಎಷ್ಟು ಮಂಜು ಕವಿದಿತ್ತೆಂದರೆ, ಬೋರ್ಡು ಕಾಣದೆ ಕಂಡಕ್ಟರನ್ನೇ ಕೇಳಿ ದೇವನಹಳ್ಳಿ ಬಸ್ಸು ಹತ್ತಬೇಕಾಯಿತು. ಕೈಯಲ್ಲಿ ನನ್ನ ಯಜಮಾನರ ಹಾರ್ಮೋನಿಯಂ ಇತ್ತು. ಅದಕ್ಕೆ ಅವರ ಶಾಲು ಹೊದಿಸಿದ್ದೆ. ಮರದ ಪೆಟ್ಟಿಗೆಗೆ ಎಂಥ ಚಳಿಯಮ್ಮ ಎಂದು ಮಗಳು ನಕ್ಕಿದ್ದಳು. ಶಾಲು ಗೂಟದಲ್ಲಿ ಸುಮ್ಮನೆ ನೇತಾಡುವುದನ್ನು ನೋಡಿ ನೋಡಿ ನನಗೂ ಸಾಕಾಗಿತ್ತು.

"ಏನಮ್ಮಾ ಅದು, ಹೊಲಿಗೆ ಮಿಷನ್ನಾ?" ಎಂದ ಕಂಡಕ್ಟರ್.

"ಹಾರ್ಮೋನಿಯಂ ಕಣಪ್ಪ."

"ಹಂಗಾದ್ರೆ ಲಗೇಜ್ ಟಿಕೆಟ್ ತಗೋಬೇಕು."

"ಹೆಂಗಸರಿಗೆ ಪುಕ್ಕಟೆ ಅಲ್ವಾ?"

"ನಿಮಗೆ ಪುಕ್ಕಟೆ. ಇದೇನು ಹೆಂಗಸಾ?"

"ಶಾಲು ಹೊದ್ಕೊಂಡು ಕೂತೈತೆ, ಯಾರಿಗ್ಗೊತ್ತು!" ಎಂದು ಹಿಂದಿನ ಸೀಟಿನಿಂದ ಯಾರೋ ಅಂದರು. ಬಸ್ಸೆಲ್ಲ ನಕ್ಕಿತು. ನಾನು ಟಿಕೆಟ್ ತೆಗೆದುಕೊಂಡು ಶಾಲಿನ ಮಡಿಕೆಯಲ್ಲಿ ಸಿಕ್ಕಿಸಿದೆ. ಯಜಮಾನರು ಬದುಕಿದ್ದಾಗಲೂ ಬಸ್ಸಿನಲ್ಲಿ ಟಿಕೆಟ್ ಇರುತ್ತಿದ್ದದ್ದು ಅವರ ಜೇಬಿನಲ್ಲೇ.

ಅವರು ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ದಿನವಿಡೀ ಮಗ್ಗದ ಸದ್ದು ಕೇಳಿ ಕಿವಿ ಅರ್ಧ ಮಂದವಾಗಿತ್ತು. ಸಂಜೆ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತರೆ ಮಗ್ಗದ ಸದ್ದನ್ನು ಮೀರಿಸುವಷ್ಟು ಜೋರಾಗಿ ಹಾಡುವರು. ಧನುರ್ಮಾಸ ಬಂತೆಂದರೆ ರಜೆ ಹಾಕಿ ನಂದಗುಡಿ ಹತ್ತಿರದ ಹಳ್ಳಿಯಲ್ಲಿರುವ ಅಕ್ಕ ಜಯಮ್ಮನ ಮನೆಗೆ ಹೋಗಿ, ಅಲ್ಲಿನ ಭಜನೆಯವರಿಗೆ ಹಾಡು ಕಲಿಸುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅವರು ಹೋದರು. ಮಾಗಿಯ ಚಳಿ ಶುರುವಾದದ್ದೇ ತಡ, ಜಯಮ್ಮಕ್ಕನ ಫೋನು ಬಂತು. "ಪೆಟ್ಟಿಗೆ ಇಲ್ದೆ ನಮ್ಮೋರು ಹಾಡಿದ್ರೆ ಒಬ್ಬೊಬ್ಬರ ಶ್ರುತಿ ಒಂದೊಂದು ಊರಿನ ಕಡೆ ಹೋಗ್ತೈತೆ ಕಣೇ. ನೀನೇ ತಂದು ಕೊಟ್ಬಿಡು."

ಕೊಡುವ ಮನಸ್ಸು ನನಗಿರಲಿಲ್ಲ. ಅವರ ಒಂದು ಹಾಡಿತ್ತು. ಅವರ ತಂದೆ ಹಾಡುತ್ತಿದ್ದ ಶಿವನ ಪದ. ಅದನ್ನು ಅವರು ನುಡಿಸಿದ ಹಾಗೆಯೇ ಒಂದು ಸಲ ಕೇಳಬೇಕು, ಕೇಳಿಸದಿದ್ದರೆ ಪೆಟ್ಟಿಗೆ ವಾಪಸ್ ತರಬೇಕು ಎಂದುಕೊಂಡು ಹೊರಟಿದ್ದೆ. ಕೇಳಿಸುತ್ತದೆ ಎಂಬ ನಂಬಿಕೆಯೂ ಇರಲಿಲ್ಲ. ಕಾರಣ, ಅವರು ಹೋದ ಮೇಲೆ ಮಗಳು ಪೆಟ್ಟಿಗೆಯನ್ನು ಬೆಂಗಳೂರಿಗೆ ಒಯ್ದು ರಿಪೇರಿ ಮಾಡಿಸಿದ್ದಳು. ಹಾರ್ಮೋನಿಯಂನಲ್ಲಿ ಬೆರಳಿನಿಂದ ಒತ್ತುವ ಪಟ್ಟಿಗೆ ಮನೆ ಎನ್ನುತ್ತಾರೆ. ಅದರಲ್ಲಿ ಒಂದು ಬಿಳಿ ಮನೆ ಒತ್ತಿದರೆ ಮೇಲೇಳದೆ ಕೂತು ಕುಯ್ಯೋ ಎನ್ನುತ್ತಿತ್ತು. ಆ ಹಾಡಿನ ಎರಡನೆಯ ಸಾಲು ಮುಗಿಯುವುದೇ ಆ ಮನೆಯಲ್ಲಿ. ಯಜಮಾನರು ತಿದಿ ಒತ್ತುವ ಎಡಗೈ ಬಿಟ್ಟು ಪೆಟ್ಟಿಗೆಯ ಪಕ್ಕೆಗೆ ರಪ್ಪೆಂದು ಒಂದೇಟು ಕೊಟ್ಟು, "ಹೂಂ" ಎಂದು ಮುಂದಿನ ಸಾಲಿಗೆ ಹೋಗುವರು. ಈಗ ಆ ಮನೆ ಒಳ್ಳೆಯ ಸೊಸೆಯ ಹಾಗೆ ಕೂರು ಎಂದರೆ ಕೂತು ಏಳು ಎಂದರೆ ಏಳುತ್ತದೆ. ನನಗೆ ಅದು ಪರರ ಮನೆಯ ಪೆಟ್ಟಿಗೆ ಎನಿಸಿಬಿಟ್ಟಿತ್ತು.

ದೇವನಹಳ್ಳಿಯಲ್ಲಿ ಹೊಸಕೋಟೆ ಬಸ್ಸು ಹಿಡಿದೆ. ತಲೆಯ ಮೇಲೆ ವಿಮಾನವೊಂದು ಸದ್ದು ಮಾಡುತ್ತ ಇಳಿಯಿತು. ಮಂಜಿನಲ್ಲಿ ಕಾಣಲಿಲ್ಲ. ಪಕ್ಕಕ್ಕೆ ಬಂದು ಕೂತ ಅಜ್ಜಿಯೊಬ್ಬರು ಅವರೆಕಾಯಿ ಚೀಲವನ್ನು ಸೀದಾ ಹಾರ್ಮೋನಿಯಂ ಮೇಲೆ ಇಟ್ಟರು. ಪೆಟ್ಟಿಗೆ ಒಳಗಿನಿಂದ ಸಣ್ಣಗೆ ನರಳಿತು.

"ಅಯ್ಯೋ ಶಿವನೇ, ಮಗಾನಾ!" ಎಂದು ಅಜ್ಜಿ ಚೀಲ ಎತ್ತಿಕೊಂಡರು. ಮಗುವಲ್ಲ, ಯಜಮಾನರದು ಎಂದು ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಚೀಲವನ್ನು ಕಾಲಡಿಗೆ ಇಳಿಸಿಕೊಂಡು, "ನಮ್ಮೆಜಮಾನ ಹೋದಾಗ ಎರಡು ಎಮ್ಮೆ ಬಿಟ್ಟೋದ. ನಿಂದೇ ವಾಸಿ ತಾಯಿ, ಇದಕ್ಕೆ ಹುಲ್ಲು ಹಾಕಂಗಿಲ್ಲ" ಎಂದರು. ಇಳಿಯುವಾಗ ಎರಡು ಹಿಡಿ ಅವರೆಕಾಯಿ ನನ್ನ ಮಡಿಲಿಗೆ ಹಾಕಿದರು. ಅದರ ಸೊಗಡು ಹೊಸಕೋಟೆಯವರೆಗೂ ಜೊತೆಗಿತ್ತು.

ಹೊಸಕೋಟೆಯಲ್ಲಿ ಬಿಸಿ ಇಡ್ಲಿ ತಿಂದು ನಂದಗುಡಿ ಬಸ್ಸಿನಲ್ಲಿ ಕೂತೆ. ದಾರಿಯಲ್ಲಿ ಒಕ್ಕಣೆ ಮಾಡಲು ರಾಗಿ ತೆನೆಯನ್ನು ರಸ್ತೆಗೇ ಹಾಸಿದ್ದರು. ಡ್ರೈವರ್ ಬೈಯುತ್ತ ನಿಧಾನ ಮಾಡಿದರೆ ಹೊಲದ ಹೆಂಗಸು ಸೊಂಟಕ್ಕೆ ಕೈಯಿಟ್ಟು, "ಬೈಯೋದು ಬೈ ಗುರು, ಒಂಚೂರು ಎಡಕ್ಕೆ ಹೊಡ್ಕೊಂಡು ಬೈ. ಆ ಕಡೆ ಇನ್ನೂ ತುಳ್ದಿಲ್ಲ" ಎಂದಳು. ಡ್ರೈವರ್ ಎಡಕ್ಕೇ ಹೊಡೆದ. ಬಸ್ಸಿನಲ್ಲಿ ಇಲ್ಲಿನ ಜಮೀನು ಸರ್ಕಾರದ ಯಾವುದೋ ಯೋಜನೆಗೆ ಹೋಗುತ್ತದಂತೆ, ಹೋಗುವುದಿಲ್ಲವಂತೆ ಎಂಬ ವಾದ ನಡೆದಿತ್ತು. ಚಕ್ರದ ಕೆಳಗೆ ಮಾತ್ರ ಈ ವರ್ಷದ ರಾಗಿ ಉದುರುತ್ತಿತ್ತು.

ಅಂದು ರಾತ್ರಿ ಜಯಮ್ಮಕ್ಕ ಹಿತಕಿದ ಬೇಳೆ ಸಾರು ಮಾಡಿ, ಮುದ್ದೆ ಮೇಲೆ ಮುದ್ದೆ ಬಡಿಸಿದರು. ದುಃಖದಲ್ಲಿರುವವರಿಗೆ ಹೊಟ್ಟೆ ದೊಡ್ಡದಿರುತ್ತದೆ ಎಂದು ಅವರ ನಂಬಿಕೆ.

ಮರುದಿನ ಬೆಳಕು ಹರಿಯುವ ಮೊದಲೇ ಭಜನೆ. ವರ್ಷ ತುಂಬದ ಸೂತಕವೆಂದು ನಾನು ದೇವಸ್ಥಾನದ ಒಳಗೆ ಹೋಗದೆ, ಬಾಗಿಲಿಗೆ ಎದುರಾಗಿ ಜಗಲಿಯ ಮೇಲೆ ಕೂತೆ. ಒಳಗೆ ಎಲ್ಲರೂ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದ್ದರಿಂದ ಯಾರು ಯಾರೆಂದು ದೇವರಿಗೂ ಗುರುತು ಸಿಕ್ಕಿರಲಾರದು. ಪೆಟ್ಟಿಗೆ ಹಿಡಿದವನು ಹಾಲಿನ ಡೈರಿಯ ಮುನಿರಾಜು, ಯಜಮಾನರ ಶಿಷ್ಯ. ಹಸು ಕರೆದು ಬಂದ ಕೈ ಬೆಚ್ಚಗಿದೆ ಎಂಬುದೇ ಅವನ ಅರ್ಹತೆ ಎಂದು ಜಯಮ್ಮಕ್ಕ ಹೇಳಿದ್ದರು.

ಮೂರು ಹಾಡಾದ ಮೇಲೆ ಆ ಪದ ಶುರುವಾಯಿತು. ಮೊದಲ ಸಾಲು ಹೋಯಿತು. ಎರಡನೆಯ ಸಾಲು ಬರುತ್ತಿದ್ದ ಹಾಗೆ ನಾನು ಸೆರಗು ಬಿಗಿ ಹಿಡಿದೆ. ಮುನಿರಾಜುವಿನ ಬೆರಳು ಆ ಬಿಳಿ ಮನೆಗೆ ಬಂತು, ಎದ್ದಿತು. ಮನೆಯೂ ಜಾಣತನದಿಂದ ಮೇಲೆದ್ದಿತು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅವನು ತಿದಿ ಬಿಟ್ಟು ಪೆಟ್ಟಿಗೆಯ ಪಕ್ಕೆಗೆ ರಪ್ಪೆಂದು ಒಂದೇಟು ಕೊಟ್ಟ. ಅದೇ ಕ್ಷಣಕ್ಕೆ ಅಲ್ಲಿದ್ದವರೆಲ್ಲ ತೊಡೆಗೆ ರಪ್ಪೆಂದು ಹೊಡೆದುಕೊಂಡು, ಒಂದೇ ಕೊರಳಲ್ಲಿ "ಹೂಂ" ಎಂದರು. ಆಮೇಲೆ ಮೂರನೆಯ ಸಾಲು.

ನನಗೆ ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಅಳುತ್ತಿದ್ದಾಳೆಂದು ಯಾರೋ ನೀರು ತಂದರು. ಅಷ್ಟು ಹೊತ್ತಿಗೆ ಅದೂ ಸುಳ್ಳಾಗಿರಲಿಲ್ಲ.

ಹುಗ್ಗಿ ಹಂಚುವಾಗ ಮುನಿರಾಜುವನ್ನು ಕೇಳಿದೆ. "ಪೆಟ್ಟಿಗೆಗೆ ಯಾಕಪ್ಪ ಹೊಡೆದೆ?"

"ಮೇಷ್ಟ್ರು ಹೇಳ್ಕೊಟ್ಟ ತಾಳ ಅಮ್ಮ. ಅಲ್ಲಿ ಪೆಟ್ಟು ಬೀಳ್ದಿದ್ರೆ ಮುಂದಿನ ಸಾಲು ಬರಾಕಿಲ್ಲ."

"ತಾಳ ಅಲ್ಲಪ್ಪ, ಮನೆ ಸಿಕ್ಕಿಹಾಕ್ಕೊಳ್ತಿತ್ತು."

ಅವನು ಹುಗ್ಗಿ ಕೈಯಲ್ಲಿ ಹಿಡಿದೇ ಯೋಚಿಸಿದ. ಜಯಮ್ಮಕ್ಕ ನನ್ನ ತೋಳು ತಿವಿದರು. "ಸುಮ್ನಿರೇ ನೀನು. ಪಕ್ಕದೂರೋರೂ ನಮ್ಮಿಂದ ಹಂಗೇ ಕಲ್ತವ್ರೆ. ಈಗೇಳಿದ್ರೆ ಎರಡೂರಿನ ಮರ್ಯಾದೆ ಹೋಯ್ತದೆ."

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟೆ. ಶಾಲನ್ನು ನಾನು ಹೊದ್ದುಕೊಂಡೆ.

ಸಂಜೆ ದೇವನಹಳ್ಳಿಯಿಂದ ಹತ್ತಿದ ಬಸ್ಸಿನಲ್ಲಿ ಅದೇ ಕಂಡಕ್ಟರ್ ಇದ್ದ. ಶಾಲಿನ ಗುರುತು ಹಿಡಿದು, "ಎಲ್ಲಮ್ಮಾ ನಿಮ್ಮ ಜೊತೆಯೋರು?" ಎಂದ.

"ಅಲ್ಲೇ ಉಳ್ಕೊಂಡ್ರು ಕಣಪ್ಪ. ಅವರಿಗೆ ಕೆಲಸ ಐತೆ."

ಅವನು ನನಗೆ ಪುಕ್ಕಟೆ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಊರ ಹತ್ತಿರ ರಸ್ತೆಯ ಹಂಪಿನ ಮೇಲೆ ಬಸ್ಸು ಎಗರಿತು. ನೋಡಿದರೆ ನನ್ನ ಕೈ ತೊಡೆಯ ಮೇಲೆ ರಪ್ಪೆಂದು ಬಿದ್ದಿತ್ತು. ಬಾಯಿಂದ "ಹೂಂ" ಕೂಡ ಬಂದಿರಬೇಕು. ಮುಂದಿನ ಸೀಟಿನವರು ತಿರುಗಿ ನೋಡಿದರು.